ಹೃದಯಾವರಣದ ಉರಿಯೂತ: ಕಾರಣ ತಿಳಿದರಷ್ಟೇ ಔಷಧ ಸುರಕ್ಷಿತ

ಬೀದರ್: ಎದೆನೋವು ಕಾಣಿಸಿಕೊಂಡಾಗ ಜನಸಾಮಾನ್ಯರ ಮನಸ್ಸಿನಲ್ಲಿ ಸುಳಿಯುವುದು ಎರಡೇ ಸಂಗತಿ. ಒಂದು ಹೃದಯಾಘಾತ, ಇನ್ನೊಂದು ಗ್ಯಾಸ್. ಇವೆರಡರ ನಡುವೆ ಹೆಚ್ಚು ಪ್ರಚಾರಕ್ಕೆ ಬಾರದ ಮೂರನೆಯ ಕಾಯಿಲೆಯೊಂದಿದೆ. ಹೃದಯವನ್ನು ಸುತ್ತುವರಿದಿರುವ ತೆಳುವಾದ ಚೀಲದಲ್ಲಿ ಉಂಟಾಗುವ ಉರಿಯೂತವೇ ಅದು. ವೈದ್ಯರು ಪೆರಿಕಾರ್ಡೈಟಿಸ್ ಎಂದು ಕರೆಯುವ ಈ ಕಾಯಿಲೆ ಬಹುಪಾಲು ರೋಗಿಗಳಲ್ಲಿ ಸೂಕ್ತ ಚಿಕಿತ್ಸೆಯಿಂದ ಗುಣವಾಗುತ್ತದೆ. ಆದರೆ ಅದರ ಹಿಂದಿನ ಕಾರಣವನ್ನು ಗುರುತಿಸದೆ ಔಷಧ ಆರಂಭಿಸಿದರೆ ಆ ಔಷಧದಿಂದಲೇ ಅಪಾಯ ಒದಗಬಹುದು.

ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಗೆ ಅಂಟಿಕೊಂಡಿರುವ ಈ ಜಿಲ್ಲೆಯ ಜನ ಚಿಕಿತ್ಸೆಗಾಗಿ ಒಮ್ಮೆ ಬೀದರ್‌ಗೆ, ಒಮ್ಮೆ ಉದಗೀರ್ ಅಥವಾ ಲಾತೂರಿಗೆ, ಮತ್ತೊಮ್ಮೆ ಹೈದರಾಬಾದಿಗೆ ಹೋಗುವುದುಂಟು. ಒಂದೂರಿನ ವೈದ್ಯರು ಬರೆದ ಚೀಟಿ ಇನ್ನೊಂದೂರಿನ ವೈದ್ಯರ ಕೈ ಸೇರುವುದು ಅಪರೂಪ. ಔಷಧ ಬದಲಾಗುತ್ತದೆ, ಕಾರಣದ ಹುಡುಕಾಟ ಮಾತ್ರ ಮಧ್ಯದಲ್ಲೇ ನಿಂತುಹೋಗುತ್ತದೆ. ದೇಶದಲ್ಲಿ ಇನ್ನೂ ವ್ಯಾಪಕವಾಗಿರುವ ಕ್ಷಯ ರೋಗವೂ ಈ ಉರಿಯೂತಕ್ಕೆ ಕಾರಣವಾಗುವುದರಿಂದ ಹುಡುಕಾಟ ಅರ್ಧಕ್ಕೆ ನಿಂತರೆ ಪ್ರಾಣಕ್ಕೇ ಸಂಚಕಾರ ಒದಗಬಹುದು.

ಏನಿದು ಕಾಯಿಲೆ?

ಹೃದಯವು ಎರಡು ಪದರಗಳ ಚೀಲವೊಂದರ ಒಳಗೆ ಇರುತ್ತದೆ. ಇದನ್ನು ಹೃದಯಾವರಣ ಎನ್ನಲಾಗುತ್ತದೆ. ಪದರಗಳ ನಡುವೆ ಸಾಮಾನ್ಯವಾಗಿ 15ರಿಂದ 50 ಮಿಲಿಲೀಟರ್‌ನಷ್ಟು ದ್ರವವಿದ್ದು, ಹೃದಯ ಮಿಡಿಯುವಾಗ ಪದರಗಳು ಒಂದಕ್ಕೊಂದು ಉಜ್ಜದಂತೆ ಅದು ನೋಡಿಕೊಳ್ಳುತ್ತದೆ. ಸೋಂಕು ಅಥವಾ ಬೇರೆ ಕಾರಣದಿಂದ ಪದರಗಳು ಊದಿಕೊಂಡಾಗ ನೋವು ಹುಟ್ಟುತ್ತದೆ. ಕೆಲವರಲ್ಲಿ ದ್ರವದ ಪ್ರಮಾಣವೂ ಹೆಚ್ಚುತ್ತದೆ.

ದ್ರವ ಎಷ್ಟು ಸೇರಿತು ಎಂಬುದರಷ್ಟೇ ಎಷ್ಟು ಬೇಗ ಸೇರಿತು ಎಂಬುದೂ ಮುಖ್ಯ. ವಾರಗಟ್ಟಲೆ ನಿಧಾನವಾಗಿ ಸೇರಿದರೆ ಚೀಲ ಹಿಗ್ಗುತ್ತಾ ಹೋಗಿ ಒಂದು ಲೀಟರಿನವರೆಗೂ ತಾಳಿಕೊಳ್ಳಬಲ್ಲದು. ಕೆಲವೇ ಗಂಟೆಗಳಲ್ಲಿ ಸೇರಿದರೆ 200 ಮಿಲಿಲೀಟರ್ ಆಸುಪಾಸಿನ ದ್ರವವೂ ಹೃದಯವನ್ನು ಹೊರಗಿನಿಂದ ಅದುಮಿ ರಕ್ತ ಪರಿಚಲನೆಗೆ ತಡೆಯೊಡ್ಡಬಹುದು. ಟ್ಯಾಂಪೊನೇಡ್ ಎಂಬ ಈ ಸ್ಥಿತಿಯಲ್ಲಿ ಸೂಜಿಯ ಮೂಲಕ ದ್ರವವನ್ನು ಕೂಡಲೇ ಹೊರತೆಗೆಯದಿದ್ದರೆ ಸಾವು ಸಂಭವಿಸುತ್ತದೆ.

ನೋವಿನ ಸ್ವರೂಪ

ಈ ನೋವಿಗೆ ತನ್ನದೇ ಆದ ಗುರುತುಗಳಿವೆ. ಎದೆಯ ನಡುವೆ ಅಥವಾ ಎಡಭಾಗದಲ್ಲಿ ಚುಚ್ಚಿದಂತೆ, ಇರಿದಂತೆ ನೋವು ಕಾಣಿಸಿಕೊಳ್ಳುತ್ತದೆ. ದೀರ್ಘವಾಗಿ ಉಸಿರೆಳೆದುಕೊಂಡಾಗ, ಕೆಮ್ಮಿದಾಗ ಮತ್ತು ಅಂಗಾತ ಮಲಗಿದಾಗ ಹೆಚ್ಚುತ್ತದೆ. ಎದ್ದು ಕುಳಿತು ಮುಂದಕ್ಕೆ ಬಾಗಿದರೆ ತಗ್ಗುತ್ತದೆ. ಎಡ ಭುಜದ ಮೇಲ್ಭಾಗಕ್ಕೆ, ಕುತ್ತಿಗೆಯ ಬುಡಕ್ಕೆ ನೋವು ಹರಡುವುದೂ ಉಂಟು. ಹಲವರಿಗೆ ಒಂದೆರಡು ವಾರ ಮುಂಚೆ ನೆಗಡಿ, ಜ್ವರ ಅಥವಾ ಭೇದಿ ಬಂದುಹೋಗಿರುತ್ತದೆ.

ಹೃದಯಾಘಾತದ ನೋವು ಸಾಮಾನ್ಯವಾಗಿ ಎದೆಯ ಮೇಲೆ ಭಾರ ಹೇರಿದಂತೆ, ಹಿಂಡಿದಂತೆ ಇರುತ್ತದೆ. ಬೆವರು, ವಾಕರಿಕೆ ಜೊತೆಗೂಡುತ್ತವೆ. ಭಂಗಿ ಬದಲಿಸಿದರೆ ಈ ನೋವು ಕಡಿಮೆಯಾಗುವುದಿಲ್ಲ. ಆದರೂ ಈ ವ್ಯತ್ಯಾಸಗಳನ್ನು ನೆಚ್ಚಿಕೊಂಡು ಮನೆಯಲ್ಲೇ ತೀರ್ಮಾನಕ್ಕೆ ಬರುವುದು ಸಲ್ಲದು. ವೃದ್ಧರಲ್ಲಿ, ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ ಹೃದಯಾಘಾತದ ಲಕ್ಷಣಗಳು ಪುಸ್ತಕದಲ್ಲಿ ಬರೆದಂತೆ ಇರುವುದಿಲ್ಲ. ಹೊಸದಾಗಿ ಕಾಣಿಸಿಕೊಂಡ ಯಾವುದೇ ಎದೆನೋವಿಗೂ ಮೊದಲು ಇಸಿಜಿ ಮಾಡಿಸಬೇಕು. ಸೋಡಾ ಕುಡಿದು, ಆಮ್ಲಶಾಮಕ ಗುಳಿಗೆ ನುಂಗಿ ಬೆಳಗಿನವರೆಗೆ ಕಾಯುವ ರೂಢಿ ಹೃದಯಾಘಾತದ ರೋಗಿಗಳಿಗೆ ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುವಂತೆ ಮಾಡುತ್ತದೆ.

ಹೃದಯಾಘಾತವೇ, ಉರಿಯೂತವೇ?

ಗೊಂದಲ ಇಸಿಜಿಯಲ್ಲೂ ಮುಂದುವರಿಯಬಹುದು. ಎರಡೂ ಕಾಯಿಲೆಗಳಲ್ಲಿ ಇಸಿಜಿಯ ಎಸ್‌ಟಿ ಎಂಬ ಭಾಗ ಮೇಲಕ್ಕೆ ಏರುತ್ತದೆ. ಹೃದಯಾಘಾತದಲ್ಲಿ ಈ ಏರಿಕೆ ಮುಚ್ಚಿಹೋದ ರಕ್ತನಾಳಕ್ಕೆ ಸಂಬಂಧಿಸಿದ ಕೆಲವು ಲೀಡ್‌ಗಳಿಗೆ ಸೀಮಿತವಾಗಿದ್ದು, ಎದುರು ಭಾಗದ ಲೀಡ್‌ಗಳಲ್ಲಿ ಇಳಿಕೆ ಕಾಣುತ್ತದೆ. ಹೃದಯಾವರಣದ ಉರಿಯೂತದಲ್ಲಿ ಬಹುತೇಕ ಎಲ್ಲ ಲೀಡ್‌ಗಳಲ್ಲೂ ಬಟ್ಟಲಿನಂತೆ ಬಾಗಿದ ಏರಿಕೆ ಇರುತ್ತದೆ. ಪಿಆರ್ ಎಂಬ ಭಾಗ ಕೆಳಕ್ಕೆ ಜಾರಿರುತ್ತದೆ.

ಈ ವ್ಯತ್ಯಾಸಕ್ಕೆ ಈಗ ಮತ್ತಷ್ಟು ಮಹತ್ವ ಬಂದಿದೆ. 2021ರ ಅಕ್ಟೋಬರ್ 29ರಂದು ನಿಧನರಾದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ಜಾರಿಗೆ ತಂದಿದೆ. ಯೋಜನೆ ಜಾರಿಯಲ್ಲಿರುವ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರ ಕೇಂದ್ರಕ್ಕೆ ಕಳುಹಿಸಿ, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಹೃದಯಾಘಾತದಲ್ಲಿ ಇದು ಜೀವರಕ್ಷಕ. ಆದರೆ ಉರಿಯೂತಗೊಂಡ ಹೃದಯಾವರಣ ಇರುವ ರೋಗಿಗೆ ಇದೇ ಮದ್ದು ಕೊಟ್ಟರೆ ಚೀಲದೊಳಗೆ ರಕ್ತಸ್ರಾವವಾಗಿ ಟ್ಯಾಂಪೊನೇಡ್ ಉಂಟಾಗುವ ಅಪಾಯವಿದೆ. ಹೀಗಾಗಿ ನೋವು ಮಲಗಿದಾಗ ಹೆಚ್ಚುತ್ತದೆಯೇ, ಉಸಿರೆಳೆದಾಗ ಚುಚ್ಚುತ್ತದೆಯೇ, ಇತ್ತೀಚೆಗೆ ಜ್ವರ ಬಂದಿತ್ತೇ ಎಂಬ ವಿವರಗಳನ್ನು ರೋಗಿಯಾಗಲಿ ಬಂಧುಗಳಾಗಲಿ ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಮಾತನಾಡುವವರು ಒಟ್ಟಿಗೆ ಬಾಳುವ ಈ ಭಾಗದಲ್ಲಿ ರೋಗಿಯ ಮನೆಮಾತು ಬಲ್ಲವರೊಬ್ಬರು ಜೊತೆಗಿದ್ದರೆ ಒಳಿತು.

ರೋಗ ನಿರ್ಣಯ ಹೇಗೆ?

ಯುರೋಪಿನ ಹೃದ್ರೋಗ ತಜ್ಞರ ಸಂಘ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ನಾಲ್ಕು ಲಕ್ಷಣಗಳನ್ನು ಪಟ್ಟಿ ಮಾಡಿತ್ತು. ಮೇಲೆ ವಿವರಿಸಿದ ಬಗೆಯ ನೋವು, ಸ್ಟೆತಾಸ್ಕೋಪ್‌ನಲ್ಲಿ ಕೇಳಿಬರುವ ಉಜ್ಜುವ ಸದ್ದು, ಇಸಿಜಿಯಲ್ಲಿ ವ್ಯಾಪಕ ಬದಲಾವಣೆ ಹಾಗೂ ಎಕೋ ಪರೀಕ್ಷೆಯಲ್ಲಿ ಹೊಸ ಅಥವಾ ಹೆಚ್ಚುತ್ತಿರುವ ದ್ರವ ಇವೇ ಆ ನಾಲ್ಕು. ಇವುಗಳಲ್ಲಿ ಎರಡು ಇದ್ದರೆ ತೀವ್ರ ಪೆರಿಕಾರ್ಡೈಟಿಸ್ ಎಂದು ಪರಿಗಣಿಸುವ ಪದ್ಧತಿ ವೈದ್ಯರಲ್ಲಿ ರೂಢವಾಯಿತು.

ಉಜ್ಜುವ ಸದ್ದು ಎಲ್ಲರಲ್ಲೂ ಕೇಳಿಸುವುದಿಲ್ಲ. ಬಂದು ಹೋಗುವ ಈ ಸದ್ದನ್ನು ರೋಗಿ ಮುಂದಕ್ಕೆ ಬಾಗಿ ಕುಳಿತಾಗ ಮತ್ತೆ ಮತ್ತೆ ಆಲಿಸಬೇಕಾಗುತ್ತದೆ. ಇಸಿಜಿ ಬದಲಾವಣೆಯೂ ಅನೇಕರಲ್ಲಿ ಇರುವುದಿಲ್ಲ. ಎಕೋದಲ್ಲಿ ದ್ರವ ಕಾಣಿಸಲಿಲ್ಲ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದೂ ಹೇಳಲಾಗದು. ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಮತ್ತು ಇಎಸ್‌ಆರ್, ಹೃದಯದ ಸ್ನಾಯುವಿಗೂ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೊನಿನ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಜೊತೆಗೆ ಎದೆಯ ಎಕ್ಸ್‌-ರೇ ಆರಂಭದಲ್ಲೇ ಬೇಕಾಗುವ ಪರೀಕ್ಷೆಗಳು. ಅನುಮಾನ ಉಳಿದರೆ ಎಂಆರ್‌ಐ ಅಥವಾ ಸಿಟಿ ನೆರವಿಗೆ ಬರುತ್ತವೆ.

ಕಾರಣಗಳು ಹಲವು

ಪಶ್ಚಿಮದ ಶ್ರೀಮಂತ ದೇಶಗಳಲ್ಲಿ ಹೆಚ್ಚಿನ ರೋಗಿಗಳಲ್ಲಿ ನಿರ್ದಿಷ್ಟ ಕಾರಣ ಪತ್ತೆಯಾಗುವುದೇ ಇಲ್ಲ. ವೈರಸ್ ಸೋಂಕು ಎಂದು ಭಾವಿಸಿ ಚಿಕಿತ್ಸೆ ನೀಡಲಾಗುತ್ತದೆ ಮತ್ತು ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಕ್ಷಯ ವ್ಯಾಪಕವಾಗಿರುವ ದೇಶಗಳಲ್ಲಿ ಕ್ಷಯವೇ ಪ್ರಮುಖ ಕಾರಣಗಳಲ್ಲಿ ಒಂದು.

ಇವಲ್ಲದೆ ಇನ್ನೂ ಹಲವು ಕಾರಣಗಳಿವೆ. ಮೂತ್ರಪಿಂಡ ವೈಫಲ್ಯದಲ್ಲಿ ರಕ್ತದಲ್ಲಿ ಸೇರುವ ಕಲ್ಮಶದಿಂದ ಹೃದಯಾವರಣ ಊದಿಕೊಳ್ಳಬಹುದು. ಇಲ್ಲಿ ಡಯಾಲಿಸಿಸ್ ಆರಂಭಿಸುವುದು ಅಥವಾ ಹೆಚ್ಚಿಸುವುದೇ ಮುಖ್ಯ ಚಿಕಿತ್ಸೆ. ಕೀಲುಗಳ ನೋವು, ಚರ್ಮದ ಮೇಲೆ ಕೆಂಪು ಗುಳ್ಳೆ, ಕೂದಲು ಉದುರುವಿಕೆ ಇರುವ ಯುವತಿಯರಲ್ಲಿ ಲೂಪಸ್ ಇದೆಯೇ ಎಂದು ನೋಡಬೇಕಾಗುತ್ತದೆ. ಥೈರಾಯ್ಡ್ ಕೊರತೆಯಲ್ಲಿ ನೋವಿಲ್ಲದೆಯೇ ದ್ರವ ಸೇರುತ್ತದೆ. ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್ ಹೃದಯಾವರಣಕ್ಕೆ ಹರಡಬಹುದು. ಹೃದಯಾಘಾತವಾದ ಕೆಲವು ವಾರಗಳ ನಂತರ, ಹೃದಯ ಶಸ್ತ್ರಚಿಕಿತ್ಸೆಯ ನಂತರ, ಎದೆಗೆ ಪೆಟ್ಟು ಬಿದ್ದ ನಂತರವೂ ಈ ತೊಂದರೆ ಕಾಣಿಸಿಕೊಳ್ಳುವುದುಂಟು. ನ್ಯುಮೋನಿಯಾದ ಕೀವು ಹೃದಯಾವರಣಕ್ಕೆ ಹಬ್ಬಿದರೆ ಅದು ತುರ್ತು ಪರಿಸ್ಥಿತಿ. ಇವುಗಳಲ್ಲಿ ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಮದ್ದಲ್ಲ.

ಎಲ್ಲರಿಗೂ ಎಲ್ಲ ಪರೀಕ್ಷೆ ಅಗತ್ಯವೇ ಎಂಬ ಪ್ರಶ್ನೆ ಸಹಜ. ಅಗತ್ಯವಿಲ್ಲ. ಆರೋಗ್ಯವಂತ ಯುವಕನೊಬ್ಬನಿಗೆ ನೆಗಡಿಯ ನಂತರ ನೋವು ಬಂದು, ದ್ರವ ಅಲ್ಪವಾಗಿದ್ದು, ಒಂದು ವಾರದ ಮಾತ್ರೆಗೆ ಸ್ಪಂದಿಸಿದರೆ ಹೆಚ್ಚಿನ ತಪಾಸಣೆ ಬೇಕಾಗದಿರಬಹುದು. ಆದರೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ದಿನಗಟ್ಟಲೆ ಅಥವಾ ವಾರಗಟ್ಟಲೆ ನಿಧಾನವಾಗಿ ಬೆಳೆದ ಲಕ್ಷಣಗಳು, ಎಕೋದಲ್ಲಿ 20 ಮಿಲಿಮೀಟರ್‌ಗಿಂತ ದಪ್ಪದ ದ್ರವ, ಹೃದಯ ಅದುಮಿದ ಚಿಹ್ನೆ, ಒಂದು ವಾರದ ಚಿಕಿತ್ಸೆಗೂ ಬಗ್ಗದ ನೋವು ಇವುಗಳಲ್ಲಿ ಯಾವುದಿದ್ದರೂ ರೋಗಿಯನ್ನು ದಾಖಲಿಸಿಕೊಂಡು ಕಾರಣ ಹುಡುಕಬೇಕು ಎನ್ನುತ್ತವೆ ಮಾರ್ಗಸೂಚಿಗಳು. ರೋಗ ನಿರೋಧಕ ಶಕ್ತಿ ಕುಗ್ಗಿದವರು, ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು, ಪೆಟ್ಟು ಬಿದ್ದವರು, ಟ್ರೋಪೊನಿನ್ ಏರಿದವರು ಕೂಡ ಇದೇ ಸಾಲಿಗೆ ಸೇರುತ್ತಾರೆ.

ಕ್ಷಯದ ಅನುಮಾನ ಏಕೆ ಮೊದಲು?

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2023ರಲ್ಲಿ ಜಗತ್ತಿನ ಹೊಸ ಕ್ಷಯ ರೋಗಿಗಳ ಪೈಕಿ ಶೇ 26ರಷ್ಟು ಮಂದಿ ಭಾರತದವರು. ಕ್ಷಯವೆಂದರೆ ಕೆಮ್ಮು, ಕಫ ಎಂಬ ಕಲ್ಪನೆ ಬೇರೂರಿದೆ. ಹೃದಯಾವರಣದ ಕ್ಷಯದಲ್ಲಿ ಕೆಮ್ಮು ಇಲ್ಲದೆಯೂ ಇರಬಹುದು. ಸಂಜೆ ವೇಳೆಗೆ ಬರುವ ಸಣ್ಣ ಜ್ವರ, ರಾತ್ರಿ ಬೆವರು, ಹಸಿವು ಇಂಗುವುದು, ತೂಕ ಇಳಿಯುವುದು, ನಡೆದರೆ ಏದುಸಿರು ಬರುವುದು ಇವೇ ಸುಳಿವುಗಳು. ಎದೆನೋವು ಅಷ್ಟೇನೂ ತೀವ್ರವಾಗಿರುವುದಿಲ್ಲ. ಎಕ್ಸ್‌-ರೇಯಲ್ಲಿ ಹೃದಯದ ನೆರಳು ದೊಡ್ಡದಾಗಿ ಕಾಣುತ್ತದೆ.

ಪತ್ತೆ ಹಚ್ಚುವುದು ಸುಲಭವಲ್ಲ. ಕಫ ಇದ್ದರೆ ಅದರ ಪರೀಕ್ಷೆ, ಊದಿಕೊಂಡ ಗ್ರಂಥಿ ಇದ್ದರೆ ಅದರ ತುಣುಕಿನ ಪರೀಕ್ಷೆ, ಎಚ್‌ಐವಿ ಪರೀಕ್ಷೆ, ಸಾಧ್ಯವಾದರೆ ಹೃದಯಾವರಣದ ದ್ರವದ ಪರೀಕ್ಷೆ ಇವೆಲ್ಲವನ್ನೂ ಒಟ್ಟುಗೂಡಿಸಿ ನಿರ್ಧಾರಕ್ಕೆ ಬರಬೇಕು. ದ್ರವದಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ 40ಕ್ಕಿಂತ ಹೆಚ್ಚಿದ್ದರೆ ಕ್ಷಯದ ಸಾಧ್ಯತೆ ಬಲಗೊಳ್ಳುತ್ತದೆ. ಸಿಬಿನ್ಯಾಟ್ ಯಂತ್ರದಲ್ಲಿ ರೋಗಾಣುವಿನ ವಂಶವಾಹಿ ಪತ್ತೆಯಾದರೆ ಖಚಿತ. ಆದರೆ ಆ ವರದಿ ನೆಗೆಟಿವ್ ಬಂದರೆ ಕ್ಷಯ ಇಲ್ಲವೆಂದು ಅರ್ಥವಲ್ಲ. ದ್ರವದಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ ಇರುವುದೇ ಇದಕ್ಕೆ ಕಾರಣ.

ಚಿಕಿತ್ಸೆ ಸಿಗದಿದ್ದರೆ ಹೃದಯಾವರಣದ ಕ್ಷಯ ಬಹುತೇಕ ಪ್ರಾಣಾಂತಿಕ. ಬದುಕುಳಿದವರಲ್ಲೂ ಕೆಲವರಿಗೆ ಚೀಲ ದಪ್ಪಗಟ್ಟಿ, ಚಿಪ್ಪಿನಂತೆ ಗಡುಸಾಗಿ ಹೃದಯ ಹಿಗ್ಗಲಾಗದ ಸ್ಥಿತಿ ಬರುತ್ತದೆ. ಕಾಲು ಊದಿಕೊಳ್ಳುತ್ತದೆ, ಹೊಟ್ಟೆಗೆ ನೀರು ತುಂಬುತ್ತದೆ, ಕುತ್ತಿಗೆಯ ರಕ್ತನಾಳ ಉಬ್ಬುತ್ತದೆ. ಇಂತಹ ರೋಗಿಗಳನ್ನು ಯಕೃತ್ತಿನ ಕಾಯಿಲೆಯವರೆಂದು ತಿಳಿದು ತಿಂಗಳುಗಟ್ಟಲೆ ಬೇರೆ ಚಿಕಿತ್ಸೆ ನೀಡುವ ಸಂಭವವಿದೆ. ಹೊಟ್ಟೆಯ ನೀರಿಗೆ ಯಕೃತ್ತಿನಲ್ಲಿ ಕಾರಣ ಸಿಗದಿದ್ದಾಗ ಎಕೋ ಮಾಡಿಸುವುದು ಸೂಕ್ತ. ಚೀಲ ಪೂರ್ಣವಾಗಿ ಗಡುಸಾದ ಮೇಲೆ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದೊಂದೇ ದಾರಿ.

ನೋವು ನಿವಾರಕ: ಕಾವಲು ಬೇಕು

ವೈರಸ್‌ನಿಂದ ಅಥವಾ ಪತ್ತೆಯಾಗದ ಕಾರಣದಿಂದ ಬಂದ ಉರಿಯೂತಕ್ಕೆ ಮೊದಲ ಸಾಲಿನ ಔಷಧಗಳು ಆಸ್ಪಿರಿನ್ ಅಥವಾ ಐಬುಪ್ರೊಫೆನ್. ಸಾಮಾನ್ಯವಾಗಿ ಆಸ್ಪಿರಿನ್ 750ರಿಂದ 1000 ಮಿಲಿಗ್ರಾಂ ಅಥವಾ ಐಬುಪ್ರೊಫೆನ್ 600 ಮಿಲಿಗ್ರಾಂ ಪ್ರತಿ 8 ಗಂಟೆಗೊಮ್ಮೆ, ಒಂದೆರಡು ವಾರ ಕೊಟ್ಟು ಅನಂತರ ಹಂತ ಹಂತವಾಗಿ ತಗ್ಗಿಸಲಾಗುತ್ತದೆ. ತಲೆನೋವಿಗೆ ನುಂಗುವ ಪ್ರಮಾಣಕ್ಕಿಂತ ಇದು ಬಹಳ ಹೆಚ್ಚು. ಆದ್ದರಿಂದ ವೈದ್ಯರ ಮೇಲ್ವಿಚಾರಣೆ ಇಲ್ಲದೆ ಯಾರೂ ಇದನ್ನು ತಾವಾಗಿಯೇ ಆರಂಭಿಸಬಾರದು. ಹೃದಯಾಘಾತದ ನಂತರ ಬಂದ ಉರಿಯೂತಕ್ಕೆ ಆಸ್ಪಿರಿನ್ನನ್ನೇ ಆರಿಸಲಾಗುತ್ತದೆ.

ಹೊಟ್ಟೆಯ ಹುಣ್ಣು ಇದ್ದವರಿಗೆ ರಕ್ತಸ್ರಾವ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದರ ಮತ್ತಷ್ಟು ಹಾನಿ, ರಕ್ತದೊತ್ತಡ ಇರುವವರಿಗೆ ಒತ್ತಡದ ಏರಿಕೆ ಈ ಔಷಧಗಳ ಪರಿಚಿತ ಅಪಾಯಗಳು. ಹೊಟ್ಟೆಯ ರಕ್ಷಣೆಗೆ ಒಮೆಪ್ರಜೋಲ್‌ನಂತಹ ಗುಳಿಗೆಯನ್ನು ಜೊತೆಗೆ ನೀಡುವುದು ವಾಡಿಕೆ. ವಾರ್ಫರಿನ್ ಸೇವಿಸುವವರು, 20 ವಾರ ಮೀರಿದ ಗರ್ಭಿಣಿಯರು, ಆಸ್ತಮಾ ರೋಗಿಗಳು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಕ್ಕಳಿಗೆ ವೈರಸ್ ಜ್ವರದ ಸಂದರ್ಭದಲ್ಲಿ ಆಸ್ಪಿರಿನ್ ಕೊಡಕೂಡದು. ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗ ಇನ್ನೊಂದು ಎಚ್ಚರ ಅಗತ್ಯ. ಡೆಂಗಿ ಅನುಮಾನವಿರುವಾಗ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದೂ ಸಲ್ಲ. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಗಡಿ ಜಿಲ್ಲೆಯ ರೋಗಿಗಳು ಗಮನಿಸಬೇಕಾದ ಮತ್ತೊಂದು ಸಂಗತಿಯೆಂದರೆ ಔಷಧದ ಹೆಸರು. ಒಂದೇ ನೋವು ನಿವಾರಕ ಹತ್ತಾರು ಕಂಪನಿಗಳ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತದೆ. ಉದಗೀರಿನ ಚೀಟಿಯಲ್ಲಿ ಒಂದು ಹೆಸರು, ಬೀದರ್‌ನ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೂ ಒಳಗಿರುವುದು ಒಂದೇ ಬಗೆಯ ಮದ್ದಾಗಿರಬಹುದು. ಎರಡನ್ನೂ ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಮೂಲ ಔಷಧದ ಹೆಸರನ್ನು ಔಷಧ ಅಂಗಡಿಯವರಿಂದ ಓದಿಸಿಕೊಳ್ಳುವುದು ಜಾಣತನ.

ಕೊಲ್ಚಿಸಿನ್: ಚಿಕ್ಕ ಗುಳಿಗೆ, ದೊಡ್ಡ ಎಚ್ಚರ

ಗೌಟ್ ಎಂಬ ಕೀಲುವಾತಕ್ಕೆ ಹಿಂದಿನಿಂದಲೂ ಬಳಕೆಯಲ್ಲಿರುವ ಕೊಲ್ಚಿಸಿನ್ ಇಂದು ಹೃದಯಾವರಣದ ಉರಿಯೂತದ ಚಿಕಿತ್ಸೆಯ ಮುಖ್ಯ ಭಾಗವಾಗಿದೆ. ಇಟಲಿಯ ಹೃದ್ರೋಗ ತಜ್ಞ ಮಾಸ್ಸಿಮೊ ಇಮಾಜಿಯೊ ನೇತೃತ್ವದಲ್ಲಿ 240 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಲ್ಚಿಸಿನ್ ಪಡೆದವರಲ್ಲಿ ಶೇ 16.7 ಮಂದಿಗೆ ಮಾತ್ರ ಕಾಯಿಲೆ ಮುಂದುವರಿಯಿತು ಅಥವಾ ಮರುಕಳಿಸಿತು. ಪಡೆಯದವರಲ್ಲಿ ಈ ಪ್ರಮಾಣ ಶೇ 37.5 ಇತ್ತು.

ಸಾಮಾನ್ಯವಾಗಿ 0.5 ಮಿಲಿಗ್ರಾಂ ಗುಳಿಗೆಯನ್ನು 70 ಕಿಲೋಗಿಂತ ಕಡಿಮೆ ತೂಕದವರಿಗೆ ದಿನಕ್ಕೊಂದು, ಅದಕ್ಕಿಂತ ಹೆಚ್ಚು ತೂಕದವರಿಗೆ ದಿನಕ್ಕೆರಡು ನೀಡಲಾಗುತ್ತದೆ. ಮೊದಲ ಬಾರಿಗೆ 3 ತಿಂಗಳು, ಮರುಕಳಿಸಿದರೆ ಕನಿಷ್ಠ 6 ತಿಂಗಳು ಕೊಡುವುದು ರೂಢಿ. ನೋವು ಹೋಯಿತೆಂದು ಎರಡೇ ವಾರಕ್ಕೆ ಬಿಟ್ಟರೆ ಮರುಕಳಿಕೆಗೆ ದಾರಿಯಾಗುತ್ತದೆ.

ಈ ಔಷಧದಲ್ಲಿ ಹಿತವಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಹೊಲದ ಬೇಲಿಗಳಲ್ಲಿ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ ಬಳ್ಳಿಯ ಗಡ್ಡೆ ವಿಷಕಾರಿಯಾಗಿರುವುದು ಅದರಲ್ಲಿರುವ ಇದೇ ಕೊಲ್ಚಿಸಿನ್‌ನಿಂದ. ಮೊದಲ ಎಚ್ಚರಿಕೆಯ ಗಂಟೆ ಭೇದಿ, ವಾಂತಿ, ಹೊಟ್ಟೆನೋವು. ಹೀಗಾದರೆ ಮುಂದಿನ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕಾಣಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಹೆಚ್ಚು ಪ್ರಮಾಣ ಒಡಲು ಸೇರಿದರೆ ಸುಲಭವಾಗಿ ಸಿಗುವ ಪ್ರತಿವಿಷವಿಲ್ಲ. ಆದ್ದರಿಂದ ಮಕ್ಕಳ ಕೈಗೆ ಎಟುಕದಂತೆ ಇಡುವುದು ಕಡ್ಡಾಯ.

ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಕೀಟೊಕೊನಜೋಲ್, ಇಟ್ರಾಕೊನಜೋಲ್, ವೆರಾಪಮಿಲ್, ಡಿಲ್ಟಿಯಾಜೆಮ್ ಮುಂತಾದವು ಕೊಲ್ಚಿಸಿನ್ ದೇಹದಿಂದ ಹೊರಹೋಗದಂತೆ ತಡೆದು ವಿಷದ ಮಟ್ಟಕ್ಕೆ ಏರಿಸುತ್ತವೆ. ಗಂಟಲು ನೋವಿಗೆ ಕೊಟ್ಟ ಆ್ಯಂಟಿಬಯೋಟಿಕ್, ಹುಳುಕಡ್ಡಿಗೆ ಕೊಟ್ಟ ಮಾತ್ರೆ ಕೂಡ ಈ ಪಟ್ಟಿಯಲ್ಲಿರಬಹುದು ಎಂಬುದನ್ನು ಮರೆಯಬಾರದು. ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಜೊತೆ ಸೇವಿಸುವಾಗ ಸ್ನಾಯು ನೋವು, ನಿಶ್ಶಕ್ತಿ ಕಂಡರೆ ತಿಳಿಸಬೇಕು. ಮೂತ್ರಪಿಂಡ ಅಥವಾ ಯಕೃತ್ತು ದುರ್ಬಲವಾಗಿರುವವರಿಗೆ ಪ್ರಮಾಣ ಇಳಿಸುವುದು, ಕೆಲವೊಮ್ಮೆ ಕೊಡದಿರುವುದೇ ಲೇಸು.

ಸ್ಟಿರಾಯ್ಡ್: ತಕ್ಷಣದ ಸುಖ, ಮುಂದಿನ ಸಂಕಟ

ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮೊದಲಾದ ಸ್ಟಿರಾಯ್ಡ್‌ಗಳು ಒಂದೆರಡು ದಿನಗಳಲ್ಲೇ ನೋವು, ಜ್ವರ ಎರಡನ್ನೂ ಇಳಿಸುತ್ತವೆ. ಇದರಿಂದ ಕಾಯಿಲೆ ವಾಸಿಯಾಯಿತೆಂಬ ಭ್ರಮೆ ಹುಟ್ಟುತ್ತದೆ. ಸಾಮಾನ್ಯ ವೈರಸ್ ಉರಿಯೂತದಲ್ಲಿ ಮೊದಲೇ ಸ್ಟಿರಾಯ್ಡ್ ಕೊಟ್ಟರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚುತ್ತದೆ ಎಂಬುದು ಅಧ್ಯಯನಗಳಿಂದ ತಿಳಿದುಬಂದಿದೆ. ಒಳಗಿರುವುದು ಕ್ಷಯವಾಗಿದ್ದು, ಕ್ಷಯದ ಔಷಧವಿಲ್ಲದೆ ಬರೀ ಸ್ಟಿರಾಯ್ಡ್ ಕೊಟ್ಟರೆ ಲಕ್ಷಣಗಳು ಮರೆಯಾಗಿ ಸೋಂಕು ಒಳಗೊಳಗೇ ಹಬ್ಬುತ್ತದೆ. ಬಿಡಿಯಾಗಿ ಪೊಟ್ಟಣ ಕಟ್ಟಿಕೊಡುವ ಹೆಸರಿಲ್ಲದ ಗುಳಿಗೆಗಳಲ್ಲಿ, ಕೀಲುನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆ ಇರುವುದರಿಂದ ಅವುಗಳಿಂದ ದೂರವಿರುವುದೇ ಕ್ಷೇಮ.

ಲೂಪಸ್‌ನಂತಹ ಕಾಯಿಲೆಗಳಲ್ಲಿ, ಬೇರೆ ಔಷಧ ಸೇವಿಸಲಾಗದವರಲ್ಲಿ ಸ್ಟಿರಾಯ್ಡ್‌ಗೆ ಸ್ಥಾನವಿದೆ. ಕ್ಷಯದ ಔಷಧದ ಜೊತೆಗೆ ಅದನ್ನು ಕೊಡಬೇಕೇ ಎಂಬ ಬಗ್ಗೆ ಆಫ್ರಿಕಾದಲ್ಲಿ 1400 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಬೊಂಗಾನಿ ಮಯೋಸಿ ಅದರ ನೇತೃತ್ವ ವಹಿಸಿದ್ದರು. ಸಾವು, ಟ್ಯಾಂಪೊನೇಡ್ ಮತ್ತು ಚೀಲದ ಗಡಸುತನ ಮೂರನ್ನೂ ಒಟ್ಟಾಗಿ ಲೆಕ್ಕ ಹಾಕಿದಾಗ ಪ್ರೆಡ್ನಿಸೊಲೋನ್‌ನಿಂದ ವ್ಯತ್ಯಾಸ ಕಾಣಲಿಲ್ಲ. ಆದರೆ ಚೀಲ ಗಡುಸಾಗುವ ಪ್ರಮಾಣ ತಗ್ಗಿತು. ಎಚ್‌ಐವಿ ಸೋಂಕಿತರಲ್ಲಿ ಕೆಲವು ಬಗೆಯ ಕ್ಯಾನ್ಸರ್ ಹೆಚ್ಚಿದ್ದೂ ಕಂಡುಬಂತು. ಹೀಗಾಗಿ ಯಾರಿಗೆ ಕೊಡಬೇಕು ಎಂಬುದನ್ನು ತಜ್ಞರೇ ತೀರ್ಮಾನಿಸಬೇಕು. ಸ್ಟಿರಾಯ್ಡ್ ಆರಂಭಿಸಿದ ಮೇಲೆ ಹಠಾತ್ತನೆ ನಿಲ್ಲಿಸುವುದೂ ಅಪಾಯಕರ. ಮಧುಮೇಹಿಗಳು ಸಕ್ಕರೆಯ ಮಟ್ಟವನ್ನು ಪದೇ ಪದೇ ನೋಡಿಕೊಳ್ಳಬೇಕು.

ಕ್ಷಯದ ಔಷಧ: ಆರು ತಿಂಗಳ ವ್ರತ

ಹೃದಯಾವರಣದ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬ್ಯುಟಾಲ್ ನಾಲ್ಕೂ ಇರುತ್ತವೆ. ನಂತರದ 4 ತಿಂಗಳು ಪೈರಾಜಿನಮೈಡ್ ಹೊರತುಪಡಿಸಿ ಉಳಿದ ಮೂರು. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಈ ಔಷಧಗಳು ಉಚಿತ. ನಿಕ್ಷಯ ಪೋಷಣ ಯೋಜನೆಯಡಿ 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದ ಪೌಷ್ಟಿಕ ಆಹಾರದ ನೆರವನ್ನು 2024ರ ನವೆಂಬರ್‌ನಿಂದ 1000 ರೂಪಾಯಿಗೆ ಹೆಚ್ಚಿಸಲಾಯಿತು. ನೋಂದಣಿ ಸಂಖ್ಯೆ ದೇಶದಾದ್ಯಂತ ಮಾನ್ಯವಾಗಿರುವುದರಿಂದ ದುಡಿಮೆಗಾಗಿ ಹೈದರಾಬಾದ್, ಪುಣೆ, ಮುಂಬೈಗೆ ತೆರಳುವವರು ಅಲ್ಲಿಯೂ ಔಷಧ ಮುಂದುವರಿಸಬಹುದು.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನ ಸಹಜ ಪರಿಣಾಮ, ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾದರೆ, ಸತತ ವಾಂತಿಯಾದರೆ ಯಕೃತ್ತಿಗೆ ತೊಂದರೆಯಾಗಿರಬಹುದು. ದೃಷ್ಟಿ ಮಸುಕಾಗುವುದು, ಬಣ್ಣಗಳ ವ್ಯತ್ಯಾಸ ತಿಳಿಯದಿರುವುದು ಎಥಾಂಬ್ಯುಟಾಲ್‌ನಿಂದ ಇರಬಹುದು. ಕೈಕಾಲು ಜೋಮು ಹಿಡಿಯದಂತೆ ಪಿರಿಡಾಕ್ಸಿನ್ ನೀಡಲಾಗುತ್ತದೆ. ರಿಫಾಂಪಿಸಿನ್ ಇತರ ಅನೇಕ ಔಷಧಗಳ ಶಕ್ತಿಯನ್ನು ಕುಗ್ಗಿಸುತ್ತದೆ. ಪ್ರೆಡ್ನಿಸೊಲೋನ್, ವಾರ್ಫರಿನ್, ಗರ್ಭನಿರೋಧಕ ಗುಳಿಗೆ, ಮಧುಮೇಹದ ಕೆಲವು ಮಾತ್ರೆ, ಎಚ್‌ಐವಿಯ ಕೆಲವು ಔಷಧ ಇವುಗಳ ಪ್ರಮಾಣವನ್ನು ಮರುಹೊಂದಿಸಬೇಕಾಗುತ್ತದೆ.

ಭಾಲ್ಕಿ, ಔರಾದ್‌ನಿಂದ ಬೀದರ್‌ವರೆಗೆ

ಭಾಲ್ಕಿ ಮತ್ತು ಔರಾದ್ ಪಟ್ಟಣಗಳೆರಡೂ ಜಿಲ್ಲಾ ಕೇಂದ್ರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ. ಇಸಿಜಿ, ಎಕ್ಸ್‌-ರೇ, ಸಾಮಾನ್ಯ ರಕ್ತ ಪರೀಕ್ಷೆ, ಕಫ ಪರೀಕ್ಷೆಗಳು ತಾಲ್ಲೂಕು ಮಟ್ಟದಲ್ಲೇ ನಡೆಯಬೇಕಾದ ಮೊದಲ ಹಂತದ ಕೆಲಸ. ಎಕೋ ಹಾಗೂ ತಜ್ಞರ ಸಲಹೆ ಬೇಕಾದಾಗ ಜಿಲ್ಲಾ ಕೇಂದ್ರದಲ್ಲಿರುವ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಸಮೀಪದ ಸರ್ಕಾರಿ ಬೋಧನಾ ಆಸ್ಪತ್ರೆ. ಹೃದಯ ಶಸ್ತ್ರಚಿಕಿತ್ಸೆಯಂತಹ ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿದೆ. 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬೀದರ್-ಕಲಬುರಗಿ ರೈಲು ಮಾರ್ಗ ಸಂಚಾರವನ್ನು ಸುಲಭಗೊಳಿಸಿದೆ. ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದ್ ಕೂಡ ಅನೇಕರ ಆಯ್ಕೆ.

ಎಲ್ಲಿಗೇ ಹೋದರೂ ಹಳೆಯ ಇಸಿಜಿ, ಎಕೋ ವರದಿ ಹಾಗೂ ಔಷಧದ ಚೀಟಿಗಳು ರೋಗಿಯ ಜೊತೆಗೇ ಸಾಗಬೇಕು. ಮೊದಲ ದಿನದ ಇಸಿಜಿಯನ್ನು ಎರಡನೆಯ ವಾರದ ಇಸಿಜಿಯೊಂದಿಗೆ ಹೋಲಿಸಿದಾಗ ಮಾತ್ರ ತಿಳಿಯುವ ಸಂಗತಿಗಳಿವೆ. ಸ್ಟಿರಾಯ್ಡ್ ನುಂಗಿದ್ದರೆ ಅದನ್ನು ಮುಚ್ಚಿಡಬಾರದು.

ಚಿಕಿತ್ಸೆಯಷ್ಟೇ ವಿಶ್ರಾಂತಿಯೂ ಮುಖ್ಯ. ನೋವು ಪೂರ್ಣ ಹೋಗಿ ಸಿಆರ್‌ಪಿ ಸಹಜ ಮಟ್ಟಕ್ಕೆ ಬರುವವರೆಗೆ ಶ್ರಮದ ಕೆಲಸ ಬೇಡ ಎಂಬುದು ವೈದ್ಯರ ಸಲಹೆ. ಕಬ್ಬು ಕಡಿಯುವವರು, ಮೂಟೆ ಹೊರುವವರು, ಆಟಗಾರರು ಯಾವಾಗ ಕೆಲಸಕ್ಕೆ ಮರಳಬಹುದು ಎಂಬುದನ್ನು ಕೇಳಿ ತಿಳಿಯಬೇಕು. ದಿನಗೂಲಿಯವರಿಗೆ ಇದು ಕಷ್ಟದ ಮಾತು. ಆದರೆ ಅವಸರದಲ್ಲಿ ದುಡಿಮೆಗೆ ಮರಳಿ ಕಾಯಿಲೆ ಮರುಕಳಿಸಿದರೆ ಕಳೆದುಹೋಗುವ ಕೂಲಿ ಇನ್ನೂ ಹೆಚ್ಚು.

ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕಾದ ಲಕ್ಷಣಗಳು

* ಭಾರ ಹೇರಿದಂತಹ ಎದೆನೋವು, ಜೊತೆಗೆ ಬೆವರು
* ಮಲಗಲಾಗದಷ್ಟು ಏದುಸಿರು, ತಲೆಸುತ್ತು, ಪ್ರಜ್ಞೆ ತಪ್ಪುವುದು
* ಕುತ್ತಿಗೆಯ ರಕ್ತನಾಳ ಉಬ್ಬುವುದು, ನಾಡಿ ಕ್ಷೀಣವಾಗುವುದು, ಕೈಕಾಲು ತಣ್ಣಗಾಗುವುದು
* ಕಪ್ಪು ಮಲ ಅಥವಾ ರಕ್ತವಾಂತಿ
* ಕೊಲ್ಚಿಸಿನ್ ಸೇವಿಸುವವರಲ್ಲಿ ನಿಲ್ಲದ ಭೇದಿ
* ಕ್ಷಯದ ಔಷಧ ಸೇವಿಸುವವರಲ್ಲಿ ಕಣ್ಣು ಹಳದಿಯಾಗುವುದು

ಇಂತಹ ಸಂದರ್ಭದಲ್ಲಿ 108 ಆಂಬುಲೆನ್ಸ್‌ಗೆ ಕರೆ ಮಾಡಬಹುದು. ಕ್ಷಯದ ಉಚಿತ ಪರೀಕ್ಷೆ ಮತ್ತು ಚಿಕಿತ್ಸೆಯ ಮಾಹಿತಿಗೆ ನಿಕ್ಷಯ ಸಹಾಯವಾಣಿ 1800-11-6666 ಲಭ್ಯವಿದೆ.

ಮಾತ್ರೆ ನುಂಗಿದ ಮೇಲೆ ನೋವು ಇಳಿಯಿತೆಂದರೆ ಮಾತ್ರೆ ಕೆಲಸ ಮಾಡಿದೆ ಎಂದಷ್ಟೇ ಅರ್ಥ. ನೋವು ಏಕೆ ಬಂತೆಂಬುದು ಅದರಿಂದ ತಿಳಿಯುವುದಿಲ್ಲ. ಕಾರಣವೇನು, ಕ್ಷಯ ಇಲ್ಲವೆಂದು ಹೇಗೆ ಖಚಿತವಾಯಿತು, ಈ ಔಷಧ ಎಷ್ಟು ದಿನ ಎಂಬ ಮೂರು ಪ್ರಶ್ನೆಗಳನ್ನು ವೈದ್ಯರ ಮುಂದಿಡುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ. ಉತ್ತರ ಪಡೆದೇ ಮನೆಗೆ ಮರಳುವುದು ಒಳಿತು.